ಒಂದೇ ಸ್ಟೆಪ್ನಿ, 7,200 ಕಿಲೋಮೀಟರ್

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಸೇರಿ ಕಾರು ಬಾಡಿಗೆಗೆ ತಗೊಂಡು ಆಗುಂಬೆ ಕಡೆ ಹೊರಟಿದ್ದೆವು. ತೀರ್ಥಹಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೇವೋ ಇಲ್ಲವೋ, ಹಿಂದಿನ ಎಡಗಡೆ ಟೈರ್ ಪಂಕ್ಚರ್. ಸಂಜೆ ಆರು ಗಂಟೆ, ಜಿಟಿಜಿಟಿ ಮಳೆ, ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಪರವಾಗಿಲ್ಲ, ಸ್ಟೆಪ್ನಿ ಇದೆಯಲ್ಲ ಅಂತ ಧೈರ್ಯವಾಗಿ ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ! ಇಂಜಿನಿಯರಿಂಗ್ ಓದ್ತಿರೋ ಐದು ಜನ ಒಂದು ಚಕ್ರದ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಹೊರಡೋ ಮುಂಚೆ ಅದನ್ನು ಚೆಕ್ ಮಾಡಿರಲಿಲ್ಲ. ಕೊನೆಗೆ ಅಡಿಕೆ ಮೂಟೆ ಹೇರಿಕೊಂಡು ಬರುತ್ತಿದ್ದ ಗೂಡ್ಸ್ ಗಾಡಿಯ ಅಣ್ಣ ಒಬ್ಬರು ನಿಲ್ಲಿಸಿ, ನಮ್ಮ ಸ್ಟೆಪ್ನಿಯನ್ನೂ ನಮ್ಮಲ್ಲಿ ಒಬ್ಬನನ್ನೂ ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಗಾಳಿ ತುಂಬಿಸಿಕೊಟ್ಟರು.

ವಾಪಸ್ ಬಂದ ಮೇಲೆ, ಊರಿಂದ ದೂರದಲ್ಲಿ ಇಂಥ ಫಜೀತಿಗೆ ಸಿಕ್ಕಿಕೊಂಡವರು ಬೇರೆ ಯಾರಿದ್ದಾರೆ ಅಂತ ನಾವು ಓದೋಕೆ ಶುರು ಮಾಡಿದೆವು. ಆಗ ಸಿಕ್ಕವನೇ ಡಾಕ್ಟರ್ ಹೊರೇಷಿಯೋ ನೆಲ್ಸನ್ ಜಾಕ್ಸನ್. ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಕಾರಿನಲ್ಲಿ ದಾಟಿದ ಮೊದಲ ಮನುಷ್ಯ. ವರ್ಷ 1903. ಆತನ ಹತ್ತಿರ ಇದ್ದ ಸ್ಪೇರ್ ಟೈರ್ ಒಂದೇ ಒಂದು. ಅದೂ ಖರ್ಚಾಗಿದ್ದು ಹೊರಟ 24ನೇ ಕಿಲೋಮೀಟರಿನಲ್ಲಿ! ಇನ್ನೂ 7,000ಕ್ಕೂ ಹೆಚ್ಚು ಕಿಲೋಮೀಟರ್ ಬಾಕಿ ಇತ್ತು. ಬೆಂಗಳೂರಿನಿಂದ ದೆಹಲಿಗೆ ಹೋಗೋ ದೂರದ ಮೂರು ಪಟ್ಟಿಗಿಂತ ಜಾಸ್ತಿ. ಆತ ಹೇಗೆ ತಲುಪಿದ ಅನ್ನೋದೇ ಈ ಸಲದ ನಮ್ಮ ಕಥೆ.

ಕಾರೇ ಇಲ್ಲದ ಕಾರು ಪ್ರಿಯ

ಜಾಕ್ಸನ್ ಹುಟ್ಟಿದ್ದು 1872ರ ಮಾರ್ಚ್ 25ರಂದು, ಕೆನಡಾದ ಟೊರಾಂಟೋದಲ್ಲಿ. ಓದಿದ್ದು ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ. 1893ರಲ್ಲಿ ವೈದ್ಯಕೀಯ ಪದವಿ ಪಡೆದು ವರ್ಮಾಂಟ್ ರಾಜ್ಯದಲ್ಲೇ ಡಾಕ್ಟರ್ ಆಗಿ ಕೆಲಸ ಶುರು ಮಾಡಿದ. ಆದರೆ ಸ್ವಲ್ಪ ವರ್ಷಗಳಲ್ಲೇ ಆತನಿಗೇ ಕ್ಷಯದ ಸೋಂಕು ತಗುಲಿತು. ತೀವ್ರವಾಗಿರಲಿಲ್ಲ, ಆದರೂ ಪ್ರಾಕ್ಟೀಸ್ ಬಿಡಬೇಕಾಯಿತು. ಬೇರೆಯವರಾಗಿದ್ದರೆ ಮನೆ ನಡೆಸೋದೇ ಕಷ್ಟವಾಗುತ್ತಿತ್ತು. ಜಾಕ್ಸನ್‌ಗೆ ಆ ಚಿಂತೆ ಇರಲಿಲ್ಲ. 1899ರಲ್ಲಿ ಆತ ಮದುವೆಯಾಗಿದ್ದ ಬರ್ತಾ ವೆಲ್ಸ್ ವರ್ಮಾಂಟಿನ ದೊಡ್ಡ ಶ್ರೀಮಂತ ಮನೆತನದ ಹೆಣ್ಣುಮಗಳು. ಆಕೆಯ ಮನೆಯವರ ಕಂಪನಿ ಸೆಲರಿ ಹೆಸರಿನ ಒಂದು ಟಾನಿಕ್ ಮಾರಿ ತುಂಬಾ ದುಡ್ಡು ಮಾಡಿತ್ತು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1903ರ ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದ್ದರು. ಅಲ್ಲಿ ಇಬ್ಬರೂ ಕಾರು ಓಡಿಸೋದನ್ನು ಕಲಿಯುತ್ತಿದ್ದರು. ಒಂದು ಸಂಜೆ ಅಲ್ಲಿನ ಯೂನಿವರ್ಸಿಟಿ ಕ್ಲಬ್ಬಿನಲ್ಲಿ ಮಾತು ಕಾರಿನ ಕಡೆ ತಿರುಗಿತು. ಕಾರು ಅನ್ನೋದು ಶ್ರೀಮಂತರ ಆಟಿಕೆ ಅಷ್ಟೇ, ಇನ್ನು ಸ್ವಲ್ಪ ದಿನದಲ್ಲಿ ಮೂಲೆ ಸೇರುತ್ತೆ, ಕುದುರೆ ಮಾತ್ರ ಯಾವತ್ತೂ ಇರುತ್ತೆ ಅನ್ನೋದು ಅಲ್ಲಿದ್ದವರ ವಾದ. ಜಾಕ್ಸನ್ ಒಪ್ಪಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ 90 ದಿನದ ಒಳಗೆ ಕಾರಿನಲ್ಲೇ ಹೋಗಿ ತೋರಿಸ್ತೀನಿ ಅಂತ 50 ಡಾಲರ್ ಬಾಜಿ ಕಟ್ಟಿಬಿಟ್ಟ.

ತಮಾಷೆ ಏನು ಗೊತ್ತಾ? ಬಾಜಿ ಕಟ್ಟಿದಾಗ ಆತನ ಹತ್ತಿರ ಕಾರೇ ಇರಲಿಲ್ಲ. ಡ್ರೈವಿಂಗ್ ಅನುಭವ ಇಲ್ಲ ಅನ್ನುವಷ್ಟು ಕಡಿಮೆ. ಕಾರಿಗೆ ಅಂತ ಮಾಡಿದ ನಕ್ಷೆ ಇಲ್ಲ. ಊರಿಂದ ಹೊರಗೆ ಡಾಂಬರು ಕಂಡ ರಸ್ತೆ ಇಲ್ಲ. ಪೆಟ್ರೋಲ್ ಬಂಕ್ ಅನ್ನೋದು ಇನ್ನೂ ಹುಟ್ಟಿಯೇ ಇರಲಿಲ್ಲ. ವಯಸ್ಸು 31. ನಾವು ಟ್ರಿಪ್ಪಿಗೆ ಒಂದು ತಿಂಗಳು ವಾಟ್ಸಾಪ್ ಗ್ರೂಪಿನಲ್ಲಿ ಪ್ಲಾನ್ ಮಾಡಿ ಕೊನೆಗೆ ಕ್ಯಾನ್ಸಲ್ ಮಾಡ್ತೀವಿ. ಈ ಮನುಷ್ಯ ಒಂದು ವಾರದೊಳಗೆ ಹೊರಟೇಬಿಟ್ಟ.

ಕ್ರಾಕರ್ ಅನ್ನೋ ಹುಡುಗ

ತನಗೆ ಮೆಕ್ಯಾನಿಕ್ ಕೆಲಸ ಬರಲ್ಲ ಅಂತ ಜಾಕ್ಸನ್‌ಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಸೂಯೆಲ್ ಕ್ರಾಕರ್ ಅನ್ನೋ ಯುವಕನನ್ನು ಒಪ್ಪಿಸಿದ. ಇಪ್ಪತ್ತರ ಆಸುಪಾಸಿನ ಹುಡುಗ, ಮೊದಲು ಸೈಕಲ್ ರೇಸ್ ಓಡಿಸುತ್ತಿದ್ದವನು, ಆಮೇಲೆ ಮೆಕ್ಯಾನಿಕ್ ಮತ್ತು ಡ್ರೈವರ್ ಆದವನು. ಅಂದರೆ ಹೆಚ್ಚು ಕಡಿಮೆ ನಮ್ಮ ಸೀನಿಯರ್ಸ್ ವಯಸ್ಸು. ಯಾವ ಕಾರು ತಗೋಬೇಕು ಅಂತ ಹೇಳಿದ್ದೂ ಕ್ರಾಕರೇ. ಆತನ ಮಾತು ಕೇಳಿ ಜಾಕ್ಸನ್ ಒಂದು ಸೆಕೆಂಡ್ ಹ್ಯಾಂಡ್ ವಿಂಟನ್ ಕಾರು ಕೊಂಡ. ಎರಡು ಸಿಲಿಂಡರ್, 20 ಅಶ್ವಶಕ್ತಿ, ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಸೈಕಲ್ಲಿನ ಹಾಗೆ ಚೈನ್ ಡ್ರೈವ್. ಮೇಲೆ ಛಾವಣಿ ಇಲ್ಲ, ಮುಂದೆ ಗಾಜಿಲ್ಲ. ತನ್ನ ರಾಜ್ಯದ ಹೆಸರನ್ನೇ ಕಾರಿಗೂ ಇಟ್ಟ: ವರ್ಮಾಂಟ್.

ಹಿಂದಿನ ಸೀಟು ತೆಗೆದು ಆ ಜಾಗದಲ್ಲಿ ಸಾಮಾನು ತುಂಬಿದರು. ಮಲಗೋಕೆ ಚೀಲ, ಕಂಬಳಿ, ಮಳೆ ಕೋಟು, ಕೊಡಲಿ, ಸಲಿಕೆ, ಕಾರನ್ನು ಕೆಸರಿನಿಂದ ಎಳೆಯೋಕೆ ಹಗ್ಗ ಮತ್ತು ರಾಟೆ, ಪೆಟ್ರೋಲ್ ಕ್ಯಾನು, ಆಯಿಲ್ ಕ್ಯಾನು, ಅಡುಗೆ ಸಾಮಾನು, ಬಂದೂಕು, ಕೊಡಾಕ್ ಕ್ಯಾಮೆರಾ. ಮತ್ತೆ ಒಂದು ಸ್ಪೇರ್ ಟೈರ್. ಒಂದೇ ಯಾಕೆ ಅಂದ್ರೆ ಇಡೀ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಡುಕಿದರೂ ಆ ಅಳತೆಯದ್ದು ಅವರಿಗೆ ಸಿಕ್ಕಿದ್ದೇ ಒಂದು.

ಬರ್ತಾ ರೈಲಿನಲ್ಲಿ ಊರಿಗೆ ಹೊರಟಳು. 1903ರ ಮೇ 23ರಂದು ಜಾಕ್ಸನ್ ಮತ್ತು ಕ್ರಾಕರ್ ಕಾರು ಹತ್ತಿದರು. ಎರಡು ವರ್ಷ ಮುಂಚೆ, ಈ ಕಾರನ್ನು ತಯಾರಿಸಿದ ಅಲೆಕ್ಸಾಂಡರ್ ವಿಂಟನ್ ಸ್ವತಃ ಇದೇ ಪ್ರಯತ್ನ ಮಾಡಿ, ನೆವಾಡಾದ ಮರಳಿನಲ್ಲಿ ಸಿಕ್ಕಿಕೊಂಡು ಕೈಬಿಟ್ಟಿದ್ದ. ಅದಕ್ಕೇ ಇವರು ಮರುಭೂಮಿ ತಪ್ಪಿಸಿ, ಉತ್ತರಕ್ಕೆ ಸುತ್ತು ಹಾಕಿ, ಕ್ಯಾಲಿಫೋರ್ನಿಯಾ, ಆರಿಗಾನ್, ಐಡಾಹೋ ಮಾರ್ಗವಾಗಿ ಪೂರ್ವಕ್ಕೆ ಹೋಗೋದು ಅಂತ ತೀರ್ಮಾನ ಮಾಡಿದರು.

ಫೆರಿಯಲ್ಲಿ ಕೊಲ್ಲಿ ದಾಟಿ ಓಕ್ಲೆಂಡಿಗೆ ಬಂದು ಸುಮಾರು 24 ಕಿಲೋಮೀಟರ್ ಹೋಗುವಷ್ಟರಲ್ಲಿ ಟೈರ್ ಸಿಡಿಯಿತು. ಇದ್ದ ಒಂದು ಸ್ಪೇರ್ ಹಾಕಿದರು. ಮುಗೀತು.

ಆ ಕಾಲದ ಪಂಕ್ಚರ್ ಅಂದ್ರೆ

ಇಲ್ಲಿ ಸ್ವಲ್ಪ ನಿಲ್ಲೋಣ. ಇವತ್ತು ಪಂಕ್ಚರ್ ಆದರೆ ಜಾಕ್ ಕೊಟ್ಟು, ನಾಲ್ಕೋ ಐದೋ ನಟ್ ಬಿಚ್ಚಿ, ಚಕ್ರವನ್ನೇ ಪೂರ್ತಿ ಬದಲಾಯಿಸ್ತೀವಿ. 1903ರಲ್ಲಿ ಹಾಗೆ ಮಾಡೋಕೆ ಆಗುತ್ತಿರಲಿಲ್ಲ. ಚಕ್ರ ಮರದ್ದು, ಅರ ಇರೋದು, ನಮ್ಮ ಎತ್ತಿನ ಗಾಡಿ ಚಕ್ರದ ಸಣ್ಣ ತಮ್ಮನ ಹಾಗೆ. ರಿಮ್ಮು ಚಕ್ರಕ್ಕೇ ಕೂತಿರುತ್ತಿತ್ತು, ಬಿಚ್ಚಿ ತೆಗೆಯೋಕೆ ಬರುತ್ತಿರಲಿಲ್ಲ. ಆದ್ದರಿಂದ ಸ್ಪೇರ್ ಅಂದ್ರೆ ಬರೀ ರಬ್ಬರ್ ಟೈರ್ ಮಾತ್ರ, ಚಕ್ರ ಅಲ್ಲ.

ಪಂಕ್ಚರ್ ಆದಾಗ ರಸ್ತೆ ಮಧ್ಯದಲ್ಲೇ ಕೂತು, ಕಬ್ಬಿಣದ ಪಟ್ಟಿಯಿಂದ ಟೈರಿನ ಅಂಚನ್ನು ರಿಮ್ಮಿನ ಕೊಕ್ಕೆಯಿಂದ ಮೀಟಿ ಎಬ್ಬಿಸಬೇಕು. ಒಳಗಿನ ಟ್ಯೂಬ್ ಎಳೆದು ತೂತು ಹುಡುಕಬೇಕು, ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚ್ ಅಂಟಿಸಬೇಕು. ಮತ್ತೆ ಎಲ್ಲ ಒಳಗೆ ತುರುಕಿ, ಅಂಚು ಕೂರಿಸಿ, ಕೈ ಪಂಪಿನಲ್ಲಿ ಗಾಳಿ ಹೊಡೆಯಬೇಕು. ನಮ್ಮೂರ ಸೈಕಲ್ ಶಾಪಿನಲ್ಲಿ ಈ ಕೆಲಸ ನೋಡಿದವರಿಗೆ ಅಂದಾಜು ಸಿಗುತ್ತೆ. ಅದನ್ನೇ ಕಾರಿನ ಟೈರಿನ ಸೈಜಿಗೆ ಹಿಗ್ಗಿಸಿಕೊಳ್ಳಿ. ಬಿಸಿಲಲ್ಲಿ, ಧೂಳಲ್ಲಿ, ಮತ್ತೆ ಮತ್ತೆ.

ಟೈರಿನ ಗುಣಮಟ್ಟವೂ ಅಷ್ಟಕ್ಕಷ್ಟೇ. ಇವತ್ತಿನ ಟೈರ್ ಕಪ್ಪಗಿರೋದು ಅದಕ್ಕೆ ಸೇರಿಸೋ ಕಾರ್ಬನ್ ಬ್ಲ್ಯಾಕ್‌ನಿಂದ. ರಬ್ಬರ್ ಬೇಗ ಸವೆಯದ ಹಾಗೆ ನೋಡಿಕೊಳ್ಳೋದೂ ಅದೇ. ಅದು ಬಳಕೆಗೆ ಬಂದಿದ್ದು ಇನ್ನೂ ಸುಮಾರು ಹತ್ತು ವರ್ಷ ಆದ ಮೇಲೆ. ಜಾಕ್ಸನ್ ಕಾಲದ ಟೈರ್ ಬಿಳಿಚಿಕೊಂಡಿರುತ್ತಿತ್ತು, ಬೇಗ ಹರಿಯುತ್ತಿತ್ತು. ಒಳಗಿದ್ದ ಹತ್ತಿ ಬಟ್ಟೆಯ ಪದರದಲ್ಲಿ ಅಡ್ಡ ಎಳೆ, ಉದ್ದ ಎಳೆ ಒಂದಕ್ಕೊಂದು ಉಜ್ಜಿ ಬಿಸಿಯಾಗಿ ಟೈರು ಒಳಗಿನಿಂದಲೇ ಸಾಯುತ್ತಿತ್ತು. ಅದರ ಮೇಲೆ ಕುದುರೆ ಲಾಳದ ಮೊಳೆ ಬಿದ್ದ ರಸ್ತೆ, ಚೂಪು ಕಲ್ಲಿನ ರಸ್ತೆ.

ಈಗ ಯೋಚನೆ ಮಾಡಿ. ಮೊದಲನೇ ದಿನ, 24 ಕಿಲೋಮೀಟರ್, ಸ್ಪೇರ್ ಖಾಲಿ. ವಾಪಸ್ ಹೋಗೋಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ? ಆದರೆ ವಾಪಸ್ ಹೋದರೂ ಆ ಊರಿನಲ್ಲಿ ಇನ್ನೊಂದು ಟೈರ್ ಸಿಗಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಮುಂದೆ ಹೋದರು. ಸ್ಯಾಕ್ರಮೆಂಟೋ ಊರಿನಲ್ಲಿ ಹೊಸ ಟೈರ್ ಹುಡುಕಿದರು, ಸಿಗಲಿಲ್ಲ. ಯಾರೋ ಬಳಸಿ ಬಿಟ್ಟ ಹಳೇ ಟ್ಯೂಬುಗಳು ಸಿಕ್ಕವು. ಅದನ್ನೇ ಕೊಂಡು ಮುಂದಕ್ಕೆ ಹೊರಟರು.

ಗಾಳಿ ಬದಲು ಹಗ್ಗ

ಕ್ಯಾಲಿಫೋರ್ನಿಯಾದ ಈಶಾನ್ಯ ಭಾಗ ಬೆಟ್ಟಗುಡ್ಡದ ಜಾಗ. ಸೇತುವೆ ಇಲ್ಲದ ಹಳ್ಳಗಳಲ್ಲಿ ಕಾರು ಸಿಕ್ಕಿಕೊಂಡರೆ ಆಚೆ ದಡದ ಮರಕ್ಕೆ ರಾಟೆ ಕಟ್ಟಿ ಎಳೆಯಬೇಕಿತ್ತು. ಕುಲುಕಾಟಕ್ಕೆ ಸಾಮಾನು ಒಂದೊಂದಾಗಿ ಹಿಂದೆ ಬಿದ್ದು ಹೋಗುತ್ತಿತ್ತು. ಎಂಜಿನ್ ಸದ್ದಿನಲ್ಲಿ ಅದು ಕೇಳಿಸುತ್ತಲೂ ಇರಲಿಲ್ಲ. ಅಡುಗೆ ಪಾತ್ರೆಗಳೆಲ್ಲ ಹಾಗೇ ಹೋದವು. ಒಂದು ಕಡೆ ಒಬ್ಬ ಹೆಂಗಸನ್ನು ದಾರಿ ಕೇಳಿದರೆ, ಆಕೆ ಬೇಕಂತಲೇ ತಪ್ಪು ದಾರಿ ತೋರಿಸಿದಳು. ಕಾರಣ? ಆ ದಾರಿಯ ಕೊನೆಯಲ್ಲಿ ಆಕೆಯ ಮನೆಯವರಿದ್ದರು, ಅವರು ಕಾರು ನೋಡಿರಲಿಲ್ಲ, ನೋಡಲಿ ಅಂತ! ಹೋಗಿ ಬರೋಕೆ 170 ಕಿಲೋಮೀಟರಿಗೂ ಜಾಸ್ತಿ ದಂಡ. ಆ ಹಳೇ ಟ್ಯೂಬುಗಳ ಮೇಲೆ 170 ಕಿಲೋಮೀಟರ್ ಅಂದ್ರೆ ತಮಾಷೆ ಅಲ್ಲ.

ಕೊನೆಗೆ ಟೈರ್ ಪೂರ್ತಿ ಕೈಕೊಟ್ಟವು. ಪ್ಯಾಚ್ ಹಾಕೋಕೂ ಜಾಗ ಇಲ್ಲ. ಆಗ ಮಾಡಿದ ಉಪಾಯ ಇದು: ಚಕ್ರಕ್ಕೆ ಹಗ್ಗ ಸುತ್ತಿದರು. ಗಾಳಿ ಇಲ್ಲದ ಟೈರ್ ಮೇಲೆ ಓಡಿಸಿದರೆ ರಿಮ್ಮು ಕಲ್ಲಿಗೆ ಬಡಿದು ಚಕ್ರವೇ ಹಾಳಾಗುತ್ತೆ. ಬಿಗಿಯಾಗಿ ಸುತ್ತಿದ ದಪ್ಪ ಹಗ್ಗ ನಡುವೆ ಮೆತ್ತೆಯಾಗಿ ನಿಲ್ಲುತ್ತೆ. ವೇಗ ಇರಲ್ಲ, ಸುಖ ಇರಲ್ಲ, ಹಗ್ಗ ಸವೆದ ಹಾಗೆ ಮತ್ತೆ ಸುತ್ತಬೇಕು. ಆದರೆ ಮುಂದಿನ ಊರು ತಲುಪಬಹುದು. ಅವರಿಗೆ ಬೇಕಿದ್ದಿದ್ದೂ ಅಷ್ಟೇ.

ಮುಂದಿನ ಊರು ಅಂದ್ರೆ ಟೆಲಿಗ್ರಾಫ್ ಆಫೀಸ್. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ತಂತಿ ಹೊಡೆದು ಟೈರ್ ಕಳಿಸೋಕೆ ಹೇಳಿದರು. ಆಲ್ಟುರಾಸ್ ಅನ್ನೋ ಊರಿನಲ್ಲಿ ಅದಕ್ಕಾಗಿ ಕಾದರು. ಕಾಯುತ್ತಾ ಊರಿನವರನ್ನೆಲ್ಲ ಕಾರಿನಲ್ಲಿ ಕೂರಿಸಿ ಒಂದೊಂದು ರೌಂಡ್ ಹೊಡೆಸಿದರು. ಬದಲಿಗೆ ಅಲ್ಲಿನ ಕೌಬಾಯ್‌ಗಳು ತಮ್ಮ ಕುದುರೆ ಸವಾರಿಯ ಆಟ ತೋರಿಸಿದರು. ಮೂರು ದಿನ ಕಳೆಯಿತು. ಟೈರ್ ಬರಲಿಲ್ಲ. ಇನ್ನು ಕಾದರೆ ಪ್ರಯೋಜನ ಇಲ್ಲ ಅಂತ ಹಾಗೇ ಹೊರಟರು.

ನಮಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಈ ಮೂರು ದಿನ. ಮೊದಲನೇ ದಿನದ ಪಂಕ್ಚರ್ ದಾಟಿ ಮುಂದೆ ಹೋಗೋದು ಒಂದು ಥರದ ಧೈರ್ಯ, ಆಗ ಹುರುಪು ಇರುತ್ತೆ. ಬರುತ್ತೆ ಬರುತ್ತೆ ಅಂದುಕೊಂಡ ಸಹಾಯ ಬರಲ್ಲ ಅಂತ ಗೊತ್ತಾದ ಮೇಲೂ ಹೊರಡೋದು ಇನ್ನೊಂದು ಥರ. ಅದಕ್ಕೆ ಹುರುಪು ಸಾಲದು.

ಸೈಕಲ್ಲಿಗೂ ಪಂಕ್ಚರ್

ಆರಿಗಾನ್ ರಾಜ್ಯದಲ್ಲಿ ಜೂನ್ 6ಕ್ಕೆ ಕಾರು ಕೆಟ್ಟು ನಿಂತಿತು. ಒಬ್ಬ ಕೌಬಾಯ್ ತನ್ನ ಕುದುರೆಗೆ ಕಟ್ಟಿ ಹತ್ತಿರದ ದನದ ದೊಡ್ಡಿಯವರೆಗೆ ಎಳೆದುಕೊಂಡು ಹೋದ. ಕುದುರೆ ಬೇಡ ಕಾರು ಸಾಕು ಅಂತ ಬಾಜಿ ಕಟ್ಟಿದವನ ಕಾರನ್ನು ಕುದುರೆ ಎಳೆಯಿತು! ಕ್ರಾಕರ್ ರಿಪೇರಿ ಮಾಡಿದ. ಅಷ್ಟರಲ್ಲಿ ಪೆಟ್ರೋಲ್ ಸೋರಿ ಟ್ಯಾಂಕ್ ಖಾಲಿಯಾಗಿತ್ತು. ಪೆಟ್ರೋಲ್ ಸಿಗೋದು ಸುಮಾರು 40 ಕಿಲೋಮೀಟರ್ ದೂರದ ಬರ್ನ್ಸ್ ಊರಿನಲ್ಲಿ. ಜಾಕ್ಸನ್ ಒಂದು ಸೈಕಲ್ ಬಾಡಿಗೆಗೆ ಹಿಡಿದ, ಮಾಜಿ ರೇಸರ್ ಕ್ರಾಕರ್ ಅದನ್ನು ಹತ್ತಿ ಹೊರಟ. ದಾರಿಯಲ್ಲಿ ಸೈಕಲ್ ಟೈರೂ ಪಂಕ್ಚರ್! ಆದರೂ ಹೇಗೋ ಹೋಗಿ ಸುಮಾರು 15 ಲೀಟರ್ ಪೆಟ್ರೋಲ್ ಹಿಡಿದು ವಾಪಸ್ ಬಂದ. ಇದಕ್ಕೆಲ್ಲ ಖರ್ಚಾಗಿದ್ದು ಹತ್ತಿರ ಹತ್ತಿರ 20 ಡಾಲರ್. ಬಾಜಿ ಹಣವೇ 50 ಡಾಲರ್ ಅನ್ನೋದು ನೆನಪಿರಲಿ.

ಆಮೇಲೆ ಒಂದು ದಿನ ಆಯಿಲ್ ಮುಗಿಯಿತು. ಜಾಕ್ಸನ್ ಹಿಂದಿನ ಊರಿಗೆ ನಡೆದುಕೊಂಡು ಹೋಗಿ ಆಯಿಲ್ ತಂದ. ತಂದು ಹಾಕಿ ಹೊರಟ ಮೇಲೆ ಗೊತ್ತಾಯ್ತು, ಮುಂದಿನ ಊರು ಸ್ವಲ್ಪ ದೂರದಲ್ಲೇ ಇತ್ತು ಅಂತ. ಮರುದಿನ ಆರಿಗಾನಿನ ಗಡಿಯ ಒಂಟಾರಿಯೋ ಊರು ತಲುಪಿದಾಗ ಮಾತ್ರ ಸ್ವಲ್ಪ ಉಸಿರು ಬಂತು. ತರಿಸಿದ್ದ ಸಾಮಾನುಗಳು ಅಲ್ಲಿ ಕಾದು ಕೂತಿದ್ದವು.

ಐಡಾಹೋದ ಕಾಲ್ಡ್‌ವೆಲ್ ಹತ್ತಿರ ಮೂರನೇ ಸವಾರ ಸೇರಿಕೊಂಡ, ಬಡ್ ಅನ್ನೋ ನಾಯಿ. ಬೆಲೆ 15 ಡಾಲರ್. ಮುಂದೆ ಗಾಜಿಲ್ಲದ ಕಾರಿನಲ್ಲಿ ಸುಣ್ಣದಂಥ ಧೂಳು ಅದರ ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೆ ಜಾಕ್ಸನ್ ನಾಯಿಗೂ ಕನ್ನಡಕ ಹಾಕಿಸಿದ. ಮುಂದೆ ಎಲ್ಲಿ ಹೋದರೂ ಪತ್ರಿಕೆಯವರು ಮೊದಲು ಫೋಟೋ ತೆಗೆದಿದ್ದು ಬಡ್‌ದೇ ಅಂದರೂ ತಪ್ಪಿಲ್ಲ.

ಐಡಾಹೋದಲ್ಲೇ ಎಲ್ಲೋ ಜಾಕ್ಸನ್ ಕೋಟು ಬಿದ್ದುಹೋಯಿತು. ಖರ್ಚಿನ ದುಡ್ಡಿನಲ್ಲಿ ಹೆಚ್ಚಿನದ್ದು ಅದರಲ್ಲೇ ಇತ್ತು. ಹೆಂಡತಿಗೆ ತಂತಿ ಹೊಡೆದ, ಮುಂದಿನ ವಯೋಮಿಂಗ್ ರಾಜ್ಯದ ಶಾಯೆನ್ ಊರಿಗೆ ಹಣ ಕಳಿಸು ಅಂತ. ಅಲ್ಲಿ ತಲುಪೋ ತನಕ ಕೈ ಖಾಲಿ. ಅದರ ನಡುವೆ ಚಕ್ರದ ಬೇರಿಂಗ್ ಹೋಯಿತು. ಕ್ರಾಕರ್ ಒಬ್ಬ ರೈತನನ್ನು ಕಾಡಿ ಬೇಡಿ, ಆತನ ಹುಲ್ಲು ಕೊಯ್ಯುವ ಯಂತ್ರದ ಬೇರಿಂಗ್ ಬಿಚ್ಚಿಸಿಕೊಂಡು ಕಾರಿಗೆ ಕೂರಿಸಿದ. ಬೇರೆ ಯಾವುದಕ್ಕೋ ಮಾಡಿದ ಬೇರಿಂಗ್ ಇಲ್ಲಿಗೆ ಆಗುತ್ತಾ ಅಂತ ಕಣ್ಣಳತೆಯಲ್ಲಿ ಹೇಳಬೇಕಾದರೆ ಎಂಥ ಅನುಭವ ಇರಬೇಕು, ನಮ್ಮ ವರ್ಕ್‌ಶಾಪ್ ಲ್ಯಾಬ್ ನೆನಪು ಮಾಡಿಕೊಂಡು ನೀವೇ ಹೇಳಿ. ದಾರಿ ತಪ್ಪಿ 36 ಗಂಟೆ ಊಟ ಇಲ್ಲದೆ ಅಲೆದಾಗ, ಒಬ್ಬ ಕುರಿ ಕಾಯುವವನು ಕರೆದು ಸುಟ್ಟ ಮಾಂಸ, ಬೇಯಿಸಿದ ಜೋಳ ಕೊಟ್ಟು ಉಳಿಸಿದ.

ಜುಲೈ 12ಕ್ಕೆ ಒಮಾಹಾ. ಅಲ್ಲಿಂದ ಪೂರ್ವಕ್ಕೆ ರಸ್ತೆ ಚೆನ್ನಾಗಿತ್ತು, ಊರುಗಳು ಹತ್ತಿರ ಹತ್ತಿರ ಇದ್ದವು. ಬಫಲೋ ದಾಟಿದ ಮೇಲೆ ರಸ್ತೆಯಲ್ಲಿ ಕಾಣದ ಏನಕ್ಕೋ ಗುದ್ದಿ ಇಬ್ಬರೂ, ನಾಯಿ ಸಮೇತ, ಕಾರಿನಿಂದ ಹಾರಿ ಬಿದ್ದಿದ್ದು ಬಿಟ್ಟರೆ ದೊಡ್ಡ ತೊಂದರೆ ಆಗಲಿಲ್ಲ. 1903ರ ಜುಲೈ 26ರಂದು ನ್ಯೂಯಾರ್ಕ್. ಒಟ್ಟು 63 ದಿನ, 12 ಗಂಟೆ, 30 ನಿಮಿಷ. ಪೆಟ್ರೋಲ್ ಕುಡಿದಿದ್ದು 800 ಗ್ಯಾಲನ್, ಅಂದ್ರೆ ಸುಮಾರು 3,000 ಲೀಟರ್. ಮೈಲೇಜ್ ಲೆಕ್ಕ ಹಾಕಿದರೆ ಲೀಟರಿಗೆ 2.4 ಕಿಲೋಮೀಟರ್!

ಗೆದ್ದ ಮೇಲೆ

ಅವರು ಅರ್ಧ ದಾರಿಯಲ್ಲಿ ಇದ್ದಾಗಲೇ ಇನ್ನೂ ಎರಡು ಕಾರುಗಳು, ಒಂದು ಪ್ಯಾಕರ್ಡ್, ಒಂದು ಓಲ್ಡ್ಸ್‌ಮೊಬೈಲ್, ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿದ್ದವು. ಅವೂ ಆಮೇಲೆ ನ್ಯೂಯಾರ್ಕ್ ತಲುಪಿದವು, ಆದರೆ ಮೊದಲಿಗರು ಇವರೇ. ಸ್ವಲ್ಪ ದಾರಿ ರೈಲಿನಲ್ಲಿ ಕಾರು ಸಾಗಿಸಿದ್ದಾರೆ ಅಂತ ಕೆಲವರು ಗುಸುಗುಸು ಹಬ್ಬಿಸಿದರು. ಹಾಗಂತ ಸಾಬೀತು ಮಾಡಿದವರಿಗೆ ವಿಂಟನ್ ಕಂಪನಿ ದೊಡ್ಡ ಮೊತ್ತದ ಬಹುಮಾನ ಘೋಷಿಸಿತು. ಯಾರೂ ಬರಲಿಲ್ಲ.

ನ್ಯೂಯಾರ್ಕಿನಲ್ಲಿ ಬರ್ತಾ ಸಿಕ್ಕಳು. ಅಲ್ಲಿಂದ ಮನೆಗೆ ಹೋಗೋ ದಾರಿಯಲ್ಲಿ, ಊರು ಇನ್ನು 24 ಕಿಲೋಮೀಟರ್ ಇರುವಾಗ ಕಾರು ಮತ್ತೆ ಕೆಟ್ಟಿತು. ಅದೇ 24! ಸಹಾಯಕ್ಕೆ ಬಂದ ಇಬ್ಬರು ಸಹೋದರರ ಕಾರೂ ಕೆಟ್ಟು ನಿಂತವು. ಕೊನೆಗೆ ವರ್ಮಾಂಟ್ ಸರಿಹೋಗಿ ಅವೆರಡನ್ನೂ ಎಳೆದುಕೊಂಡು ಊರು ಸೇರಿತು. ಮನೆಯ ಗ್ಯಾರೇಜಿನ ಹೊಸ್ತಿಲಿಗೆ ಬಂದಾಗ ಅದರ ಡ್ರೈವ್ ಚೈನ್ ತುಂಡಾಯಿತು. ಇಡೀ ಪ್ರಯಾಣದಲ್ಲಿ ಬದಲಾಯಿಸದೇ ಉಳಿದ ಕೆಲವೇ ಭಾಗಗಳಲ್ಲಿ ಅದೂ ಒಂದಾಗಿತ್ತು.

ಪ್ರಯಾಣಕ್ಕೆ ಜಾಕ್ಸನ್ ಖರ್ಚು ಮಾಡಿದ್ದು 8,000 ಡಾಲರ್. ಬಾಜಿಯ 50 ಡಾಲರ್ ಆತ ವಸೂಲಿ ಮಾಡಲೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ತನ್ನ ಊರು ಬರ್ಲಿಂಗ್ಟನ್‌ನಲ್ಲಿ ಗಂಟೆಗೆ 6 ಮೈಲಿಗಿಂತ ಹೆಚ್ಚು ವೇಗವಾಗಿ ಹೋದ ಅಂತ ದಂಡವನ್ನೂ ಕಟ್ಟಿದ. ಆಮೇಲೆ ಮೊದಲನೇ ಮಹಾಯುದ್ಧದಲ್ಲಿ ಸೇನೆ ಸೇರಿ ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಪದಕ ಪಡೆದ. ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ ಕಟ್ಟಿದವರಲ್ಲಿ ಒಬ್ಬನಾದ. ಪತ್ರಿಕೆ ನಡೆಸಿದ. 1936ರಲ್ಲಿ ವರ್ಮಾಂಟ್ ಗವರ್ನರ್ ಆಗೋಕೆ ಪ್ರಯತ್ನಿಸಿ ಸೋತ. 1944ರಲ್ಲಿ ಕಾರನ್ನೂ ಬಡ್ ಹಾಕಿಕೊಳ್ಳುತ್ತಿದ್ದ ಕನ್ನಡಕವನ್ನೂ ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಕೊಟ್ಟ. 1955ರ ಜನವರಿ 14ರಂದು ತೀರಿಕೊಂಡ.

ಕ್ರಾಕರ್? ಆತ ಅಷ್ಟು ದಿನ ಬದುಕಲಿಲ್ಲ. 1913ರಲ್ಲೇ, ಪ್ರಯಾಣ ಮುಗಿದು ಹತ್ತು ವರ್ಷ ಆಗುವಷ್ಟರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಕಾರು ಆರಿಸಿದ್ದು, ಕೆಟ್ಟಿದ್ದನ್ನು ರಿಪೇರಿ ಮಾಡಿದ್ದು, ಸೈಕಲ್ ತುಳಿದಿದ್ದು, ಬೇರಿಂಗ್ ಹುಡುಕಿದ್ದು ಎಲ್ಲ ಆತನೇ. ಆದರೆ ಹೆಸರು ಉಳಿದಿದ್ದು ಡಾಕ್ಟರ್‌ದು. ಜನಕ್ಕೆ ನಾಯಿಯ ಹೆಸರಾದರೂ ನೆನಪಿದೆ, ಮೆಕ್ಯಾನಿಕ್ ಹೆಸರು ಇಲ್ಲ. ಇಂಜಿನಿಯರ್ ಆಗೋಕೆ ಹೊರಟಿರೋ ನಮಗೆ ಇದು ಸ್ವಲ್ಪ ಚುಚ್ಚಿತು.

ಸ್ಟೆಪ್ನಿ ಅನ್ನೋ ಬೀದಿ

ಇಷ್ಟು ಓದಿದ ಮೇಲೆ ನಿಮಗೆ ಅನ್ನಿಸಬಹುದು, ಚಕ್ರವನ್ನೇ ಪೂರ್ತಿ ಸ್ಪೇರ್ ಆಗಿ ಇಟ್ಟುಕೊಳ್ಳೋ ಐಡಿಯಾ ಯಾರಿಗೂ ಹೊಳೆಯಲಿಲ್ವಾ ಅಂತ. ಹೊಳೀತು, ಮರುವರ್ಷವೇ! 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲ್ಲಿ ಊರಿನ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರ್ ಹಾಕಿದ, ಅರ ಇಲ್ಲದ ಒಂದು ರಿಮ್ ಮಾಡಿದರು. ಪಂಕ್ಚರ್ ಆದ ಚಕ್ರವನ್ನು ಬಿಚ್ಚೋದು ಬೇಡ, ಈ ರಿಮ್ಮನ್ನು ಅದರ ಪಕ್ಕಕ್ಕೆ ಕ್ಲಾಂಪ್ ಹಾಕಿ ಬಿಗಿದು ಓಡಿಸೋದು. ಅವರ ಅಂಗಡಿ ಇದ್ದಿದ್ದು ಸ್ಟೆಪ್ನಿ ಸ್ಟ್ರೀಟ್‌ನಲ್ಲಿ. ಅದಕ್ಕೆ ಅದರ ಹೆಸರು ಸ್ಟೆಪ್ನಿ ಸ್ಪೇರ್ ವೀಲ್. ವೇಲ್ಸ್‌ನ ಒಂದು ಬೀದಿಯ ಹೆಸರನ್ನು ಇವತ್ತಿಗೂ ನಮ್ಮ ಲಾರಿ ಡ್ರೈವರ್‌ಗಳು, ಪಂಕ್ಚರ್ ಅಂಗಡಿಯವರು, ನಮ್ಮ ಅಪ್ಪಂದಿರು ದಿನಾ ಹೇಳುತ್ತಿದ್ದಾರೆ. ನಾವು ಇಷ್ಟು ದಿನ ಅದು ನಮ್ಮದೇ ಪದ ಅಂದುಕೊಂಡಿದ್ದೆವು.

ಆದರೆ ಸ್ಟೆಪ್ನಿ ಹುಟ್ಟಿದ ದಿನದಿಂದಲೂ ಅದಕ್ಕೊಂದು ಮಿತಿ ಇದೆ. ಅದು ತಾತ್ಕಾಲಿಕ. ಇವತ್ತು ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಚಿಕ್ಕದು ಅಥವಾ ತೆಳ್ಳಗಿನದು. ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ದಾಟಬೇಡಿ ಅಂತ ಸ್ಟಿಕ್ಕರ್ ಇರುತ್ತೆ. ವ್ಯಾಸ ಬೇರೆ ಆದಾಗ ಒಂದೇ ವೇಗಕ್ಕೆ ಆ ಚಕ್ರ ಜಾಸ್ತಿ ಸುತ್ತಬೇಕು. ಅದು ಎಂಜಿನ್ ತಿರುಗಿಸೋ ಚಕ್ರದ ಜಾಗದಲ್ಲಿದ್ದರೆ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಕೆಲಸ ಮಾಡ್ತಾನೇ ಇರಬೇಕು. ತೆಳ್ಳಗಿದ್ದರೆ ನೆಲದ ಹಿಡಿತ ಕಡಿಮೆ, ಬ್ರೇಕ್ ಹಾಕಿದರೆ ನಿಲ್ಲೋ ದೂರ ಹೆಚ್ಚು. 2020ರ ನಿಯಮ ತಿದ್ದುಪಡಿ ಆದ ಮೇಲಂತೂ ನಮ್ಮ ದೇಶದಲ್ಲಿ ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತಿಳಿಸೋ ವ್ಯವಸ್ಥೆ, ರಿಪೇರಿ ಕಿಟ್ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತೆ. ಕಿಟ್ ಸಣ್ಣ ಮೊಳೆಯ ತೂತಿಗೆ ಸರಿ. ಟೈರಿನ ಪಕ್ಕ ಹರಿದರೆ ಅದೂ ಏನೂ ಮಾಡಲ್ಲ.

ಅಂದರೆ ಸ್ಟೆಪ್ನಿ ನಮ್ಮನ್ನು ಗುರಿ ಮುಟ್ಟಿಸಲ್ಲ. ಮುಂದಿನ ಪಂಕ್ಚರ್ ಅಂಗಡಿ ಮುಟ್ಟಿಸುತ್ತೆ, ಅಷ್ಟೇ. ಜಾಕ್ಸನ್ ಕಥೆಯಲ್ಲಿ ಅದು 24ನೇ ಕಿಲೋಮೀಟರಿಗೇ ಮುಗಿಯಿತು. ಉಳಿದ ದಾರಿಯನ್ನು ದಾಟಿಸಿದ್ದು ಕ್ರಾಕರ್ ಕೈ, ಬರ್ತಾ ಕಳಿಸಿದ ದುಡ್ಡು, ಮತ್ತೆ ಕೌಬಾಯ್, ರೈತ, ಕುರಿ ಕಾಯುವವನು. ಧೈರ್ಯ ಒಂದಿದ್ದರೆ ಏನು ಬೇಕಾದರೂ ಸಾಧಿಸಬಹುದು ಅಂತ ಇಂಥ ಕಥೆಗಳ ಕೊನೆಯಲ್ಲಿ ಬರೆಯೋದು ರೂಢಿ. ನಮಗೆ ಹಾಗೆ ಬರೆಯೋಕೆ ಮನಸ್ಸು ಬರಲಿಲ್ಲ. 8,000 ಡಾಲರ್ ಇಲ್ಲದ ಒಬ್ಬ ಡಾಕ್ಟರ್ ಇದೇ ಧೈರ್ಯ ಮಾಡಿದ್ದರೆ ಆಲ್ಟುರಾಸ್‌ನಲ್ಲೇ ಕಥೆ ಮುಗಿಯುತ್ತಿತ್ತೋ ಏನೋ. ಆದರೆ ದುಡ್ಡು ಇದ್ದವರೆಲ್ಲ ಹಗ್ಗ ಸುತ್ತಿಕೊಂಡು ಮುಂದೆ ಹೋಗಲ್ಲ ಅನ್ನೋದೂ ನಿಜ.

ಜಾಕ್ಸನ್‌ಗೆ ಬೇರಿಂಗ್ ಕೊಟ್ಟ ರೈತನ ಹೆಸರು, ಊಟ ಕೊಟ್ಟ ಕುರಿಗಾಹಿಯ ಹೆಸರು ಏನು ಅಂತ ನಮ್ಮ ಗುಂಪಿನಲ್ಲಿ ಚರ್ಚೆ ಬಂದಾಗ ಎಲ್ಲರೂ ಒಮ್ಮೆ ಸುಮ್ಮನಾದೆವು. ತೀರ್ಥಹಳ್ಳಿ ದಾರಿಯಲ್ಲಿ ನಮ್ಮ ಸ್ಟೆಪ್ನಿ ಹೊತ್ತುಕೊಂಡು ಹೋಗಿ ಬಂದ ಆ ಅಣ್ಣನ ಹೆಸರನ್ನು ನಾವು ಐದೂ ಜನ ಕೇಳಿರಲಿಲ್ಲ. ದುಡ್ಡು ಕೊಡೋಕೆ ಹೋದರೆ ಬೇಡ ಅಂತ ಕೈ ಆಡಿಸಿ ಹೊರಟುಹೋಗಿದ್ದರು. ಅವರು ಇದನ್ನು ಓದೋ ಸಾಧ್ಯತೆ ಕಡಿಮೆ. ಆದರೂ ಥ್ಯಾಂಕ್ಸ್ ಅಣ್ಣಾ.

ನೀವು ಮುಂದಿನ ಟ್ರಿಪ್ ಹೊರಡೋ ಮುಂಚೆ ಒಮ್ಮೆ ಡಿಕ್ಕಿ ತೆಗೆದು, ಸ್ಟೆಪ್ನಿಗೆ ಗಾಳಿ ಚೆಕ್ ಮಾಡಿಸಿ. ಜಾಕ್, ಸ್ಪಾನರ್ ಇದೆಯಾ ನೋಡಿ. ಬಿಚ್ಚಿ ಹಾಕೋದನ್ನು ಹಾಸ್ಟೆಲ್ ಪಾರ್ಕಿಂಗ್‌ನಲ್ಲೇ ಒಂದು ಸಲ ಪ್ರಾಕ್ಟೀಸ್ ಮಾಡಿ. ಮತ್ತೆ ದಾರಿಯಲ್ಲಿ ಯಾರಾದರೂ ಸಹಾಯ ಮಾಡಿದರೆ ಅವರ ಹೆಸರು ಕೇಳೋದನ್ನು ಮರೆಯಬೇಡಿ.